ಮಾದರಿ ಪುಟ

ಶನಿವಾರ, ಮಧ್ಯಾಹ್ನ

ಅಮ್ಮಾ,

ನಾನು ಕ್ಷೇಮ, ನೀನು ಕ್ಷೇಮವೇ ಎಂದು ಶುರು ಮಾಡುವುದು ರೂಢಿ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ. ನಾನು ಕ್ಷೇಮವಾಗಿಲ್ಲ, ನೀನು ಹೇಗಿದ್ದೀಯ ಎಂದು ಕೇಳುವ ಮನಸ್ಸೂ ಇವತ್ತು ಇಲ್ಲ. ಬುಧವಾರ ಫೋನಿನಲ್ಲಿ ನಾನು ಕಿರುಚಾಡಿದೆ, ನೀನು ಇಟ್ಟುಬಿಟ್ಟೆ. ಬಾಯಲ್ಲಿ ಹೇಳಿದ್ದು ನಿನ್ನ ಕಿವಿಗೆ ಬೀಳುವುದು ಕಷ್ಟ, ಬರೆದದ್ದಾದರೆ ಓದುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೆಂಪು ಪೆನ್ನನ್ನು ಮಾತ್ರ ದಯವಿಟ್ಟು ದೂರ ಇಡು.

ಮೊದಲಿನಿಂದ ಹೇಳುತ್ತೇನೆ, ಫೋನಿನಲ್ಲಿ ನೀನು ಹೇಳಗೊಡಲಿಲ್ಲ. ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ನಾವು ರೋಗಿಗಳನ್ನು ಕೀಲಿನ ಹೆಸರಿನಿಂದ ಕರೆಯುತ್ತೇವೆ. ಹತ್ತು ಗಂಟೆಗೆ ಎಡ ಮೊಣಕಾಲು, ಹತ್ತೂವರೆಗೆ ಸೊಂಟ. ಮೂರು ವಾರದಿಂದ ದಿನಾ ಹನ್ನೊಂದಕ್ಕೆ ಬಲ ಮಣಿಕಟ್ಟು ಬರುತ್ತಿದೆ. ಹದಿನಾರು ವರ್ಷದ ಹುಡುಗಿ, ಸೈಕಲ್ಲಿನಿಂದ ಬಿದ್ದು ಮೂಳೆ ಮುರಿದುಕೊಂಡಿದ್ದಾಳೆ. ಪುಣ್ಯಕ್ಕೆ ಬಾಯಿಗೆ ಏನೂ ಆಗಿಲ್ಲ, ಒಂದೇ ಸಮ ಮಾತಾಡುತ್ತಾಳೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳು ಬಗ್ಗಿಸು ಎಂದರೆ ಮಾತ್ರ ಅಳು. ಚೆಂಡು ಹಿಸುಕಿಸಿದೆ, ಒದ್ದೆ ಬಟ್ಟೆ ಹಿಂಡಿಸಿದೆ. ಈ ಮಂಗಳವಾರ ಕೈಗೆ ಪೆನ್ನು ಕೊಟ್ಟು, ಹತ್ತು ಸಾಲು ಬರಿ ನೋಡೋಣ, ನಿಂಗೆ ಬಾಯಿಪಾಠ ಇರೋದು ಯಾವುದಾದ್ರೂ ಸರಿ ಎಂದೆ. ಅವಳು ತುಟಿ ಕಚ್ಚಿಕೊಂಡು ಕೋಳಿ ಕೆದರಿದಂಥ ಅಕ್ಷರದಲ್ಲಿ ಬರೆದಳು. ನಾನು ಅವಳ ಬೆರಳುಗಳನ್ನು ನೋಡುತ್ತಿದ್ದೆ. ಹಾಳೆಯನ್ನು ಓದಿದ್ದು ಆಮೇಲೆ.

"ನಾನು ಅಮ್ಮನಿಗೋಸ್ಕರ ಇಬ್ಬರು ಗೆಳತಿಯರನ್ನು ಮಾಡಿಕೊಂಡಿದ್ದೇನೆ. ಒಬ್ಬಳು ಉದ್ದಜಡೆ. ಇನ್ನೊಬ್ಬಳು ಬಿಕ್ಕಳಿಕೆ, ನಕ್ಕರೆ ಅವಳಿಗೆ ಬಿಕ್ಕಳಿಕೆ ಬರುತ್ತದೆ. ಅವರಿಬ್ಬರೂ ಇಲ್ಲವೇ ಇಲ್ಲ. ನಾನು ಸ್ಕೂಲಿನ ಮೆಟ್ಟಿಲ ಕೆಳಗೆ, ಪೊರಕೆ ಇಡುವ ಜಾಗದಲ್ಲಿ ಕೂತು ಒಬ್ಬಳೇ ಊಟ ಮಾಡುತ್ತೇನೆ. ಇವತ್ತು ಅವರಿಬ್ಬರು ಏನಂದರು ಎಂದು ಅಮ್ಮ ದಿನಾ ಸಂಜೆ ಕೇಳುತ್ತಾಳೆ. ನಾನು ಹೇಳುತ್ತೇನೆ. ಅಮ್ಮ ನಗುತ್ತಾಳೆ. ಅಮ್ಮ ನಗಬೇಕೆಂದರೆ ನಾನು ಇಬ್ಬರನ್ನು ಸಾಕಬೇಕು."

ಅಮ್ಮಾ, ಹದಿನೇಳು ವರ್ಷದ ಹಿಂದೆ, ನನಗೆ ಹದಿನಾಲ್ಕಾಗಿದ್ದಾಗ, ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡ ಮಾತುಗಳು ಅವು. ಇದು ನಿಂಗೆ ಎಲ್ಲಿಂದ ಸಿಕ್ಕಿತು ಎಂದು ಕೇಳಿದೆ. ಅವಳು ಸಲೀಸಾಗಿ ಹೇಳಿದಳು: ಇದಾ, ಇದು ನಮ್ ಮೇಡಂ ಕ್ಲಾಸಿನ ಮಾದರಿ ಪುಟ, ಶನಿವಾರ ಕಥೆ ಬರೆಯೋ ಕ್ಲಾಸಿಗೆ ಹೋಗ್ತೀನಲ್ಲ, ಅಲ್ಲಿ ಹೊಸಬರು ಸ್ವಂತದ್ದು ಬರೆಯೋಕೆ ಮುಂಚೆ ಇದನ್ನ ಮೂರು ಸಲ ನಕಲು ಮಾಡ್ಬೇಕು, ಬರೆದಿದ್ದು ಯಾರು ಅಂತ ಹೇಳಲ್ಲ, ಕೆಳಗೆ 'ಒಬ್ಬ ಹುಡುಗಿ' ಅಂತ ಇರುತ್ತೆ ಅಷ್ಟೆ.

ಅವಳ ಮೇಡಂ ಎಂದರೆ ನೀನು.

ಹೊರಗೆ ಬೆಂಚಿನ ಮೇಲೆ ಅವಳ ಚಿಕ್ಕಮ್ಮ ಕೂತಿದ್ದಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಅವಳೂ ನಿನ್ನ ಶಿಷ್ಯೆಯೇ, ಮೊದಲ ತಂಡದವಳು. ಮಾದರಿ ಪುಟದ ಸುದ್ದಿ ಎತ್ತಿದ್ದೇ ತಡ, ಅಯ್ಯೋ ನಾನೂ ಅದನ್ನ ನಕಲು ಮಾಡಿದ್ದೆ, ನೋಟ್‌ಬುಕ್ ಇನ್ನೂ ಇಟ್ಕೊಂಡಿದ್ದೀನಿ ಎಂದು ಬುಧವಾರ ತಂದೇ ತೋರಿಸಿದಳು. ನೀನು ಎಲ್ಲರ ಕೈಯಲ್ಲೂ, ನನ್ನ ಕೈಯಲ್ಲೂ, ಮೇಲ್ಗಡೆ ತಾರೀಖು ಹಾಕಿಸುತ್ತೀಯಲ್ಲ, ಶಿಸ್ತು ಎಂದರೆ ಶಿಸ್ತು. ಅವಳ ನಕಲಿನ ತಾರೀಖು ನಾನು ಬರೆದ ದಿನಕ್ಕಿಂತ ಬರೀ ನಾಲ್ಕು ದಿನ ಆಮೇಲಿನದು. ನಾಲ್ಕೇ ದಿನದಲ್ಲಿ ನನ್ನ ಪುಟ ಓದಿ, ಚೆಂದದ ಅಕ್ಷರದಲ್ಲಿ ಇಳಿಸಿ, ಜೆರಾಕ್ಸ್ ಮಾಡಿಸಿ ಹಂಚಿಯೂ ಆಗಿತ್ತು. ನನ್ನ ಪರೀಕ್ಷೆ ಫೀಸು ಕಟ್ಟಲು ಕೂಡ ನೀನು ಅಷ್ಟು ಅವಸರ ಮಾಡಿದವಳಲ್ಲ.

ನೋಟ್‌ಬುಕ್ಕನ್ನು ನೀನು ನನ್ನ ಚೀಲದಿಂದ ಕದ್ದೆ ಎಂದು ನಾನು ಫೋನಿನಲ್ಲಿ ಹೇಳಿದೆ. ನೀನು, ಹೆಸರು ಎಲ್ಲೂ ಹಾಕಿಲ್ವಲ್ಲ ಎಂದೆ. ಆ ಪುಟದಿಂದ ಎಷ್ಟು ಮಕ್ಕಳಿಗೆ ಬಾಯಿ ಬಂತು ಗೊತ್ತಾ ನಿಂಗೆ ಎಂದೆ. ಮುಂದಿನ ಗುರುವಾರ ಪುಸ್ತಕ ಅಚ್ಚಿಗೆ ಹೋಗುತ್ತೆ, ಈ ಹೊತ್ತಲ್ಲಿ ರಂಪ ಮಾಡ್ಬೇಡ ಎಂದೂ ಹೇಳಿದೆ. ನಿನ್ನ ಹುಡುಗಿಯರ ಬರಹಗಳ ಪುಸ್ತಕದಲ್ಲಿ ನನ್ನ ಪುಟವೇ ಮೊದಲನೆಯದು ಎಂದು ನನಗೆ ತಿಳಿದದ್ದು ಹಾಗೆ. ನಿನ್ನ ಬಾಯಿಂದಲೇ ಜಾರಿತು. ಬಿಡುಗಡೆಗೆ ಬಂದು ಮುಂದಿನ ಸಾಲಿನಲ್ಲಿ ಕೂತುಕೋ ಎಂದು ಹೋದ ತಿಂಗಳೇ ಕರೆದಿದ್ದೆ. ಗೊತ್ತಾಗದಿದ್ದರೆ ನಾನು ಕೂತು ಚಪ್ಪಾಳೆ ಹೊಡೆಯುತ್ತಿದ್ದೆ ಕೂಡ, ಪೆದ್ದಿಯ ಹಾಗೆ.

ಕದ್ದು ಓದಿದ್ದಕ್ಕೆ ನನಗೆ ಇಷ್ಟು ಉರಿಯುತ್ತಿಲ್ಲ ಅಮ್ಮ. ತಾಯಂದಿರು ಓದುತ್ತಾರೆ, ಲೋಕಕ್ಕೇ ಗೊತ್ತಿರುವ ವಿಷಯ. ಉರಿಯುತ್ತಿರುವುದು ಓದಿದ ಮೇಲೆ ನೀನು ಮಾಡಿದ್ದಕ್ಕೆ. ಆ ವರ್ಷ ಶಾಲೆ ಮುಗಿಯಲು ಇನ್ನೂ ಎಂಟು ತಿಂಗಳಿತ್ತು. ಎಂಟು ತಿಂಗಳೂ ನೀನು ದಿನಾ ಸಂಜೆ ಅಡುಗೆಮನೆ ಕಟ್ಟೆಗೆ ಒರಗಿ ನಿಂತು, ಏನಂತಾಳೆ ನಿನ್ನ ಉದ್ದಜಡೆ ಎಂದು ಕೇಳಿದೆ. ಬಿಕ್ಕಳಿಕೆಗೆ ಒಂದು ಚಮಚ ಸಕ್ಕರೆ ಬಾಯಲ್ಲಿ ಇಟ್ಕೊಳ್ಳೋಕೆ ಹೇಳು ಎಂದು ಔಷಧ ಹೇಳಿಕೊಟ್ಟೆ. ಅವರಿಬ್ಬರಿಗೂ ಸೇರಲಿ ಎಂದು ಡಬ್ಬಿಗೆ ಎರಡು ಹಿಡಿ ಜಾಸ್ತಿ ಹಾಕಿದೆ. ಮೂವರ ಊಟವನ್ನು ನಾನೊಬ್ಬಳೇ ತಿಂದು ಆ ವರ್ಷ ಎರಡು ಸಲ ಯೂನಿಫಾರ್ಮ್ ಬಿಗಿಯಾಗಿ ಬದಲಾಯಿಸಬೇಕಾಯಿತು. ಕೊನೆಯ ವಾರದಲ್ಲಿ ಒಂದು ದಿನ ಉದ್ದಜಡೆಗೆ ಜ್ವರ ಎಂದು ನಾನು ಹೇಳಿದಾಗ, ಭಾನುವಾರ ಹೋಗಿ ನೋಡ್ಕೊಂಡು ಬರೋಣ್ವಾ ಎಂದೆಯಲ್ಲ! ಭಾನುವಾರದೊಳಗೆ ಪಾಪ ಅವಳ ಅಪ್ಪನಿಗೆ ವರ್ಗ ಮಾಡಿಸಿ, ಮನೆ ಸಾಮಾನು ಲಾರಿಗೆ ತುಂಬಿಸಿ, ಸಂಸಾರವನ್ನೇ ಬೇರೆ ಊರಿಗೆ ಸಾಗಿಸಿದೆ. ನೀನು ತುಂಬ ಬೇಜಾರು ಮಾಡಿಕೊಂಡಂತೆ ಮುಖ ಮಾಡಿದೆ. ಅವಳು ಇಲ್ಲವೆಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಆಡಿಸಿದೆ.

ಯಾಕೆ? ಈ ಒಂದು ಪ್ರಶ್ನೆಗೆ ಉತ್ತರ ಬೇಕು. ನನ್ನ ಕಲ್ಪನೆ ಎಲ್ಲಿವರೆಗೆ ಓಡುತ್ತದೆ ಎಂದು ನೋಡುತ್ತಿದ್ದೆಯಾ? ಅಥವಾ ಕೇಳಿದರೆ ನಾನು ಅತ್ತುಬಿಡುತ್ತೇನೆ, ಅತ್ತರೆ ಏನು ಮಾಡಬೇಕೋ ಗೊತ್ತಿಲ್ಲ ಎಂದು ಹೆದರಿದೆಯಾ? ಬೇರೆ ಹುಡುಗಿಯರು ಅತ್ತರೆ ಏನು ಮಾಡಬೇಕೆಂದು ನಿನಗೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಲೈಬ್ರರಿ ಮೇಲಿನ ಆ ಕೋಣೆಯಲ್ಲಿ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನಿಧಾನ ಪುಟ್ಟಾ, ಇವತ್ತೇ ಪೂರ್ತಿ ಬರೀಬೇಕು ಅಂತೇನಿಲ್ಲ ಎನ್ನುತ್ತಿದ್ದೆ. ಬಾಗಿಲ ಸಂದಿಯಿಂದ ನೋಡಿದ್ದೇನೆ. ಸ್ವಂತ ಮಗಳನ್ನ ಕೂರಿಸ್ಕೊಂಡ್ರೆ ಉಳಿದೋರು ಬಾಯಿ ಬಿಡಲ್ಲ ಎಂದು ನನ್ನನ್ನು ಹೊರಗಿಟ್ಟಿದ್ದೆ. ಕುರ್ಚಿ ಜೋಡಿಸುವುದು, ಪೆನ್ಸಿಲ್ ಚೂಪು ಮಾಡುವುದು, ಆಮೇಲೆ ಹೊರಗೆ ಕೂರುವುದು, ಇಷ್ಟು ನನ್ನ ಪಾಲು. ಬೋರ್ಡಿನ ಮೂಲೆಯಲ್ಲಿ ನಿನ್ನ ನಿಯಮ ಬರೆದಿತ್ತು: ಇಲ್ಲಿ ಬರೆದದ್ದು ಈ ಕೋಣೆ ದಾಟಬಾರದು. ಅವರ ಗುಟ್ಟು ಕೋಣೆ ದಾಟಲಿಲ್ಲ. ನನ್ನದು ಮಾತ್ರ ಮನೆಯಿಂದ ಒಳಗೆ ಹೋಗಿ ಕೈಯಿಂದ ಕೈಗೆ ಓಡಾಡುತ್ತಿತ್ತು, ನಾನು ಗೋಡೆಯ ಈಚೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಜ್ಜಿ ನಿನ್ನನ್ನು ಬೈಯುವಾಗ ನಾನು ನಿನ್ನ ಪರ ಜಗಳಕ್ಕೆ ನಿಲ್ಲುತ್ತಿದ್ದೆ. ಅಜ್ಜಿಯ ಹತ್ತಿರ ಕ್ಷಮೆ ಕೇಳೋಣವೆಂದರೆ ಈಗ ಅವಳಿಲ್ಲ.

ನೀನು ಕೆಟ್ಟ ಟೀಚರ್ ಎಂದು ನಾನು ಹೇಳಲಾರೆ. ಹೇಳಿದರೆ ಬಲ ಮಣಿಕಟ್ಟು ನನ್ನ ಕಣ್ಣು ಕೀಳುತ್ತಾಳೆ. ನಿನ್ನ ಕ್ಲಾಸಿಗೆ ಬರುವ ಮೊದಲು ಅವಳು ಒಂದು ವರ್ಷ ಮನೆಯಲ್ಲಿ ಯಾರ ಜೊತೆಗೂ ಮಾತೇ ಆಡುತ್ತಿರಲಿಲ್ಲವಂತೆ. ಆ ಪುಟವನ್ನು ಮೂರನೆಯ ಸಲ ನಕಲು ಮಾಡುತ್ತಿರುವಾಗ ಕೈ ತಾನಾಗಿ ಮುಂದಕ್ಕೆ ಹೋಗಿ ಅವಳದೇ ಕಥೆ ಬರೆಯತೊಡಗಿತಂತೆ. ಇದನ್ನು ಕೇಳಿ ನನಗೆ ಹೆಮ್ಮೆಯಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ನನ್ನ ನೋವಿನಿಂದ ಊರಿನ ಹುಡುಗಿಯರೆಲ್ಲ ವಾಸಿಯಾದರು, ನನಗೆ ಮಾತ್ರ ಔಷಧಿ ಮುಟ್ಟಲಿಲ್ಲ.

ಆ 'ಒಬ್ಬ ಹುಡುಗಿ' ಈಗ ಎಲ್ಲಿದ್ದಾಳಂತೆ ಎಂದು ಅವಳನ್ನೇ ಕೇಳಿದೆ. ಅವಳ ಕಣ್ಣು ಅರಳಿತು. ಓ, ಅವ್ರು ತುಂಬ ಚೆನ್ನಾಗಿದ್ದಾರಂತೆ, ಅವ್ರಿಗೆ ಈಗ ಎಷ್ಟು ಜನ ಫ್ರೆಂಡ್ಸ್ ಅಂದ್ರೆ ಮನೇಲಿ ಕೂರೋಕೆ ಜಾಗ ಸಾಲಲ್ವಂತೆ, ನಮ್ ಮೇಡಂ ಪ್ರತಿ ವರ್ಷ ಹೇಳ್ತಾರೆ ಎಂದಳು.

ಅಮ್ಮಾ, ನನ್ನ ಮನೆಯಲ್ಲಿ ಇರುವುದು ಎರಡು ಕುರ್ಚಿ. ಒಂದರ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ಬಿದ್ದಿರುತ್ತದೆ. ಆಸ್ಪತ್ರೆಯಲ್ಲಿ ಊಟದ ಹೊತ್ತಿಗೆ ಉಳಿದವರೆಲ್ಲ ಕ್ಯಾಂಟೀನಿಗೆ ಹೊರಟರೆ ನಾನು ಫೈಲ್ ಬರೆಯುವುದಿದೆ ಎಂದು ಉಳಿದುಕೊಳ್ಳುತ್ತೇನೆ. ಇದು ನಿನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಾನು ನಿನಗಾಗಿ ಇಬ್ಬರನ್ನು ಹುಟ್ಟಿಸಿದ್ದೆ, ನೀನು ನನಗಾಗಿ ಮನೆ ತುಂಬ ಹುಟ್ಟಿಸಿದ್ದೀಯ. ಕಥೆ ಕಟ್ಟುವುದು ನನಗೆ ಯಾರಿಂದ ಬಂತು ಎಂಬ ಅನುಮಾನ ಇದ್ದರೆ ಇವತ್ತಿಗೆ ತೀರಿತು.

ಆ ಹುಡುಗಿಗೆ ನಾನು ಏನೂ ಹೇಳಲಿಲ್ಲ. ಅಕ್ಷರ ಸ್ವಲ್ಪ ಸುಧಾರಿಸಿದೆ, ನಾಳೆಯೂ ಬರಿ ಎಂದು ಕಳಿಸಿದೆ. ನಿನ್ನ ಮಾನ ಕಾಪಾಡಲು ಅಲ್ಲ, ಅವಳು ಬರೆಯುವುದನ್ನು ನಿಲ್ಲಿಸಬಾರದು ಎಂದು.

ನಿನಗೆ ಹೇಳುವುದು ಇಷ್ಟು. ಗುರುವಾರದೊಳಗೆ ಆ ಪುಟವನ್ನು ಪುಸ್ತಕದಿಂದ ತೆಗೆ. ತೆಗೆಯಲು ಮನಸ್ಸು ಬರದಿದ್ದರೆ ಕೆಳಗೆ ನನ್ನ ಹೆಸರು ಹಾಕಿ, ಇವಳು ನನ್ನ ಮಗಳು, ಇವಳನ್ನು ಕೇಳದೆ ತೆಗೆದುಕೊಂಡೆ ಎಂದು ನಿನ್ನ ಕೈಯಾರೆ ಬರೆ. ಎರಡರಲ್ಲಿ ಯಾವುದು ಕಷ್ಟ ಎಂದು ನನಗೂ ಗೊತ್ತು. ಎರಡನ್ನೂ ಮಾಡದಿದ್ದರೆ ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ನನ್ನನ್ನು ಹುಡುಕಬೇಡ, ಆಮೇಲೂ ಹುಡುಕಬೇಡ.

ನಿನ್ನ ಮಂಡಿನೋವಿಗೆ ನಾನು ಹೇಳಿಕೊಟ್ಟ ವ್ಯಾಯಾಮ ಬಿಡಬೇಡ. ಅದು ನಿನ್ನ ಮಗಳು ಹೇಳುವ ಮಾತಲ್ಲ, ಡ್ಯೂಟಿ.

ಇಷ್ಟೆಲ್ಲ ಆದರೂ
ನಿನ್ನ ಮಗಳು

ತಾ.ಕ.: ಕದ್ದೆ ಎಂದು ಮೇಲೆ ಬರೆದಿದ್ದೇನೆ, ಅದು ಸುಳ್ಳು. ನೋಟ್‌ಬುಕ್ ನನ್ನ ಚೀಲದಲ್ಲಿ ಇರಲಿಲ್ಲ. ನೀನು ತಿದ್ದಲು ಮನೆಗೆ ತಂದಿದ್ದ ಹುಡುಗಿಯರ ನೋಟ್‌ಬುಕ್ಕುಗಳ ನಡುವೆ ನಾನೇ ಸೇರಿಸಿ ಇಟ್ಟಿದ್ದೆ, ಮೇಲಿನಿಂದ ಮೂರನೆಯದು. ಮಾರನೆಯ ಬೆಳಿಗ್ಗೆ ಅದು ನನ್ನ ಮೇಜಿಗೆ ವಾಪಸು ಬಂದಿತ್ತು. ನನ್ನದೆಂದು ಗುರುತಿಸಿ, ಓದದೆ ಇಟ್ಟಿದ್ದೀಯ ಎಂದುಕೊಂಡೆ. ಹದಿನೇಳು ವರ್ಷ ಹಾಗೆಯೇ ನಂಬಿಕೊಂಡು ನಿನ್ನನ್ನು ಕ್ಷಮಿಸಿದ್ದೆ. ಪುಟದ ಕೊನೆಯಲ್ಲಿ ಇನ್ನೊಂದು ಸಾಲಿತ್ತು, ನಿನ್ನ ಮಾದರಿಯಲ್ಲಿ ಅದನ್ನು ಬಿಟ್ಟಿದ್ದೀಯ: "ಅಮ್ಮಾ, ನಾಳೆ ಊಟದ ಬೆಲ್ಲಿಗೆ ಸ್ಕೂಲಿಗೆ ಬರ್ತೀಯಾ?" ಆ ವಾರವೆಲ್ಲ ನಾನು ಡಬ್ಬಿಯ ಜೊತೆ ಎರಡು ಚಮಚ ತೆಗೆದುಕೊಂಡು ಹೋಗಿದ್ದೆ.