ನೀರುಗುಳುವ ಬೋಟು

ಪ್ರೀತಿಯ ವರ್ನಾ ಚಿಕ್ಕಮ್ಮ,

ಚಳಿ ಕಳೆಯುವವರೆಗೆ ನಿಮ್ಮ ಬೋಟಿನಲ್ಲೇ ಅಡಗಿರು, ಎ.ಸಿ.ಯನ್ನು ಬಿಸಿಗಾಳಿಗೆ ತಿರುಗಿಸಿಕೋ ಎಂದಿರಿ. ನಿಮ್ಮನ್ನು ಕೇಳದೆ ನಿನ್ನೆ ಅದನ್ನು ಬಂದ್ ಮಾಡಿಸಿದೆ. ಬೇಜಾರು ಮಾಡಿಕೊಳ್ಳಬೇಡಿ.

ಆ ಯಂತ್ರ ಓಡುವಾಗ ಮೊಬೀಲ್ ಕೊಲ್ಲಿಯ ನೀರನ್ನು ಹೀರಿ ಪಕ್ಕದ ತೂತಿನಿಂದ ಹೊರಕ್ಕೆ ಉಗುಳುತ್ತದೆ. ಅದು ನನಗೆ ಹೊಳೆದಿರಲಿಲ್ಲ. ಮೊನ್ನೆ ಸಂಜೆ ದಕ್ಕೆಯ ಹಲಗೆಗಳ ಮೇಲೆ ರಾಯ್ಸ್‌ನ ಬೂಟಿನ ಸದ್ದು ಕೇಳಿತು. ಗಂಡನ ಹೆಜ್ಜೆ ನನಗೆ ತಿಳಿಯದೇ? ನೇರವಾಗಿ ನನ್ನ ತಲೆಯ ಪಕ್ಕಕ್ಕೇ ಬಂದು ನಿಂತ.

“ಲೋ ಓಡೆಲ್, ಬೀಗ ಹಾಕಿರೋ ಬೋಟು ಯಾಕೋ ಉಚ್ಚೆ ಹೊಯ್ತಾ ಇದೆ?”

ರಿಪೇರಿಯ ಓಡೆಲ್‌ಗೆ ನಾನು ಒಳಗಿರುವುದು ಗೊತ್ತು. “ಮುದುಕಿ ಆಫ್ ಮಾಡೋದು ಮರೆತಿರ್ತಾಳೆ ಬಿಡಪ್ಪ, ನಾಳೆ ಬಂದ್ ಮಾಡ್ತೀನಿ” ಎಂದು ನಕ್ಕ. ಮುದುಕಿ ಅಂದದ್ದು ನಿಮ್ಮನ್ನೇ, ಕ್ಷಮಿಸಿ.

ನಿನ್ನೆ ಬೆಳಿಗ್ಗೆ ಬಂದು ನೀರಿನ ಕವಾಟ ಮುಚ್ಚಿ, ಚಳಿಗೆ ಒಡೆಯದಂತೆ ಪೈಪುಗಳಿಗೆ ಹೆಪ್ಪುಗಟ್ಟದ ಗುಲಾಬಿ ದ್ರವ ತುಂಬಿದ. “ನಮ್ಮ ಕಡೆ ಇದನ್ನ ಯಾರೂ ಮಾಡ್ಸಲ್ಲ ಕಣಮ್ಮ, ಹಿಮ ಬೀಳೋ ಊರೋರ ಚಾಳಿ ಇದು. ರಾತ್ರಿ ಹೇಗಿರ್ತೀಯಾ?” ಎಂದ. ಇರ್ತೀನಿ ಅಂದೆ.

ನೀರೇನೋ ನಿಂತಿತು. ಆದರೆ ತಣ್ಣಗಿನ ಕೋಣೆಯಲ್ಲಿ ನನ್ನ ಉಸಿರೇ ಕಿಟಕಿಯ ಗಾಜಿಗೆ ಮಂಜಾಗಿ ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಇವತ್ತು ಮಧ್ಯಾಹ್ನ ಯಾರೋ ಹೊರಗಿನಿಂದ ಆ ಗಾಜನ್ನು ಅಂಗೈಯಿಂದ ಒರೆಸಿದರು. ಮಂಜು ಹೋಗಲಿಲ್ಲ, ಅದು ಒಳಗಿನದು. ಇನ್ನೊಮ್ಮೆ ಒರೆಸಿ, ಅಂಗೈಯನ್ನು ಅಲ್ಲೇ ಒತ್ತಿ ಹಿಡಿದರು. ಓಡೆಲ್ ಆಗಿದ್ದರೆ ಕೂಗುತ್ತಿದ್ದ.

ಈ ಪತ್ರವನ್ನು ಓಡೆಲ್ ತರುತ್ತಾನೆ. ಕೇಳಿದ್ದ ಕಂಬಳಿ ಬೇಡ, ಕಾರು ತನ್ನಿ. ಬಂದಾಗ ನನ್ನ ಹೆಸರು ಹಿಡಿದು ಕೂಗಬೇಡಿ. ಕಿಟಕಿಯ ಗಾಜು ತಿಳಿಯಾಗಿದ್ದರೆ ನಾನು ಒಳಗಿಲ್ಲ, ಬೋಟು ಹತ್ತಬೇಡಿ.

ನಿಮ್ಮ
ಡೀನಾ