ಬದುಕಿರುವ ಪ್ರಭುವಿನ ಸಾವಿನ ನಾಣ್ಯ

ಇಲ್ಸಬೆ ಅಕ್ಕಾ,

ನಿನ್ನ ತಮ್ಮನ ಕೆಲಸವೂ ಉಳಿದಿದೆ, ತಲೆಯೂ ಉಳಿದಿದೆ. ಮೊದಲು ಅಷ್ಟು ತಿಳಿದುಕೋ. ನಮ್ಮ ಪ್ರಭುಗಳು ಭಾನುವಾರ ದಾಟುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಶವಯಾತ್ರೆಗೆ ಬಂದವರಿಗೆ ಹಂಚಬೇಕಲ್ಲ ಎಂದು ಟಂಕಸಾಲೆಯಲ್ಲಿ ನಾವು ಸಾವಿನ ತಾರೀಖನ್ನೂ ಹಾಕಿ ಬೆಳ್ಳಿಯ ನಾಣ್ಯ ಹೊಡೆದೇಬಿಟ್ಟೆವು. ಭಾನುವಾರ ಪುಣ್ಯಾತ್ಮರು ಎದ್ದು ಕೂತು ಹುರಿದ ಹೆಬ್ಬಾತು ಕೇಳಿದರು! ಆಮೇಲೆ ನಾಣ್ಯ ಕೇಳಿದರು.

ಅಚ್ಚು ಕೆತ್ತಿದ ಟೀಲೆ ಮೇಸ್ತ್ರಿ ಒಯ್ದು ಕೊಟ್ಟ, ಪ್ರಭುಗಳು ಅದರಲ್ಲಿದ್ದ ತಮ್ಮ ಮುಖವನ್ನು ದಿಟ್ಟಿಸಿದರು.

"ನನ್ನ ಗದ್ದ ಯಾಕಯ್ಯಾ ಎರಡು?"

"ಮೂರಿತ್ತು ಸ್ವಾಮಿ, ಒಂದು ಬಿಟ್ಟಿದ್ದೀನಿ."

ನಾಣ್ಯದ ಹಿಂಬದಿಯಲ್ಲಿ 'ನಾಡೆಲ್ಲ ಅತ್ತಿತು' ಎಂದು ಕೆತ್ತಿತ್ತು. ಪ್ರಭುಗಳು ಅದನ್ನು ಎರಡು ಸಲ ಓದಿದರು.

"ನಿಜವಾಗ್ಲೂ ಅಳ್ತಾರೇನೋ? ನೋಡೇಬಿಡೋಣ!"

ಗುರುವಾರ ಖಾಲಿ ಶವಪೆಟ್ಟಿಗೆಯ ಮೆರವಣಿಗೆ ಹೊರಟಿತು. ಪ್ರಭುಗಳು ಕಿಟಕಿಯಲ್ಲಿ ಕೂತು ಹೆಬ್ಬಾತಿನ ತೊಡೆ ಕಚ್ಚುತ್ತ ನೋಡುತ್ತಿದ್ದರು. ಅತ್ತವರಿಗೆ ಮಾತ್ರ ನಾಣ್ಯ. ಮಂತ್ರಿಗಳು ಮುಖ ಕಿವುಚಿದರು, ಟೀಲೆ ಮೇಸ್ತ್ರಿ ತೊಡೆ ಚಿವುಟಿಕೊಂಡ. ಯಾರಿಗೂ ಒಂದು ಹನಿ ಬರಲಿಲ್ಲ. ನನಗೆ ಕುಲುಮೆಯ ಹೊಗೆಯಿಂದ ತಿಂಗಳಿನಿಂದಲೂ ಕಣ್ಣುರಿ, ನೀರು ಧಾರಾಕಾರ. ಪ್ರಭುಗಳು ನನ್ನನ್ನು ಕಂಡು ಎರಡು ನಾಣ್ಯ ಎಸೆದು, ತಾವೂ ಕಣ್ಣೊರೆಸಿಕೊಂಡರು.

"ಸಾಕು ಸುಮ್ನಿರೋ ಮಗಾ, ನಾನಿನ್ನೂ ಇದ್ದೀನಿ!"

ಒಂದು ನಾಣ್ಯವನ್ನು ಗಾಡಿಯವನ ಕೈಯಲ್ಲಿ ಕಳಿಸಿದ್ದೇನೆ, ಜೋಪಾನ. ನೀನು ಕಾಸಿಟ್ಟಿರುವ ಕಣ್ಣಿನ ಮದ್ದನ್ನು ಮಾತ್ರ ಈಗಲೇ ಕಳಿಸಬೇಡ. ಬರುವ ಗುರುವಾರ ಪ್ರಭುಗಳು ಇನ್ನೊಮ್ಮೆ ಸಾಯುವವರಿದ್ದಾರೆ.

ಗಾಡಿ ಹೊರಟಿತು,
ನಿನ್ನ ಹೆನ್ನಿಂಗ್