ಅರವತ್ತೊಂದು ಹಾಜರಿ ಪುಸ್ತಕ

ಭಾನುವಾರ, ಮಾರ್ಚ್ ಮೂರು

ಮಗಳೇ,

ಪೆನ್ನು ಹಿಡಿಸಿಯೇ ನನ್ನನ್ನು ಸಾಯಿಸಬೇಕೆಂದಿದ್ದೀಯೇನು? ಫೋನಿನಲ್ಲಿ ಹೇಳುತ್ತೇನೆ ಅಂದರೆ, ಬೇಡ ದೊಡ್ಡಪ್ಪ, ಬರೆದುಕೊಡಿ, ದಾಖಲೆಯಾಗುತ್ತದೆ ಅಂತೀಯ. ಆರನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನ ಕೈಬರಹ ಯಾವ ಸೀಮೆಯ ದಾಖಲೆ? ತಪ್ಪಿದ್ದರೆ ತಿದ್ದಿಕೋ, ನಗಬೇಡ.

ನಿಮ್ಮ ವಸಾಹತು ಅಧ್ಯಯನ ಕೇಂದ್ರದ ಐವತ್ತು ವರ್ಷದ ಚರಿತ್ರೆಗೆ ಹಳಬರ ಮಾತು ಬೇಕು ಅಂದೆ. ಕೇಳು. ಆಗ ಕೇಂದ್ರವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ವಿಶ್ವವಿದ್ಯಾಲಯದ ಅಚ್ಚುಕೂಟದ ಹಿಂದೆ ಎರಡು ಕೋಣೆ, ಒಂದಕ್ಕೆ ಚಿಲಕವಿಲ್ಲ. ಅದರೊಳಗೆ ಕೇಂದ್ರ ಕಟ್ಟಿದ ದೊಡ್ಡ ಮೇಷ್ಟ್ರು, ಒಂದು ಟೈಪ್‌ರೈಟರ್, ಬೈಂಡರ್ ಆದ ನಾನು. ಪರದೇಶದವರು ಆಳಿ ಬಿಟ್ಟುಹೋದ ನಾಡುಗಳ ಕಾಗದವೆಲ್ಲ ಇಲ್ಲಿಗೆ ಬರಬೇಕು ಅನ್ನುವುದು ಮೇಷ್ಟ್ರ ಹುಚ್ಚು. ಒಳ್ಳೆಯ ಹುಚ್ಚೇ.

ಎರಡನೇ ವರ್ಷ ಅರವತ್ತೊಂದು ಹಾಜರಿ ಪುಸ್ತಕ ಬಂದವು. ಇಲ್ಲಿಂದ ಹಡಗು ಹತ್ತಿಸಿ ಕಬ್ಬಿನ ತೋಟಗಳಿಗೆ ಸಾಗಿಸಿದ್ದ ಕೂಲಿಯಾಳುಗಳದ್ದು. ಪುಟದ ತುಂಬ ನಂಬರು, ಹಾಜರಿ, ಗೈರು. ಪುಸ್ತಕ ಒಂದೊಂದೂ ಒಂದೊಂದು ಅಳತೆ. ಕೇಂದ್ರದ ಉದ್ಘಾಟನೆಗೆ ಹತ್ತೇ ದಿನ. ಹೊಸ ಗಾಜಿನ ಕಪಾಟಿಗೆ ಹಿಡಿಯುವ ಹಾಗೆ ಎಲ್ಲ ಒಂದೇ ಸಮ ಮಾಡಯ್ಯ ಅಂದರು ಮೇಷ್ಟ್ರು. ಪರೀಕ್ಷಾ ವಿಭಾಗದ ರಿಜಿಸ್ಟರು ಕಟ್ಟಿ ಪಳಗಿದ ಕೈ ನನ್ನದು: ಹೊಲಿ, ಅಂಟು ಬಳಿ, ಮೂರು ಕಡೆ ಅಂಚು ಕತ್ತರಿಸು, ರಟ್ಟು ಹಾಕು. ಹಳೆಯ ಕಾಗದದ ಅಂಚು ಮುಟ್ಟಬಾರದು ಅಂತ ಯಾರೂ ಹೇಳಿರಲಿಲ್ಲ. ಯಂತ್ರಕ್ಕಿಟ್ಟು ಎರಡು ಬೆರಳಗಲ ಹಾರಿಸಿದೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಏನೋ ಇತ್ತು. ಸುಮ್ಮನೆ ಗೀಚಿದ್ದು ಅಂದುಕೊಂಡೆ. ಚೂರುಗಳು ಮೂರು ಗೋಣಿಚೀಲ ತುಂಬಿ ರದ್ದಿಗೆ ಹೋದವು.

ಎಂಟು ವರ್ಷದ ಮೇಲೆ ಒಂದು ಪುಸ್ತಕ ರಿಪೇರಿಗೆ ಬಂತು. ಒಂದು ಪುಟದ ಮೂಲೆ ಒಳಕ್ಕೆ ಮಡಚಿಕೊಂಡು ಕತ್ತಿಗೆ ಸಿಗದೆ ಉಳಿದಿತ್ತು. ಬಿಚ್ಚಿದರೆ ನಾಲ್ಕು ನಂಬರು, ಪಕ್ಕದಲ್ಲಿ ನಾಲ್ಕು ಹೆಸರು. ನಂಬರು ಕೂಗಿದರೆ ಯಾರು ತಿರುಗಿ ನೋಡುತ್ತಾರೆ? ತೋಟದ ಮೇಸ್ತ್ರಿ ಯಾರೋ ಅವರನ್ನು ಮನೆಯಲ್ಲಿ ಕರೆಯುವ ಹೆಸರು ಬರೆದಿಟ್ಟುಕೊಂಡಿದ್ದ.

ಮೇಷ್ಟ್ರಿಗೆ ತೋರಿಸಿದೆ. ಆಳುವವರು ಇವರಿಗೆ ನಂಬರು ಕೊಟ್ಟರು, ಹೆಸರನ್ನೇ ಬರೆಯಲಿಲ್ಲ ಅಂತ ಅವರ ಗ್ರಂಥ ಆಗಲೇ ಅಚ್ಚಾಗಿ ಶಾಲು, ಹಾರ ಎಲ್ಲ ಬಿದ್ದಿತ್ತು. ಬಾಗಿಲು ಹಾಕಿದರು. ಕತ್ತರಿಸಿದ್ದನ್ನ ಅಂಟಿಸೋಕಾಗುತ್ತೇನಯ್ಯಾ, ನಿನ್ನ ಕೆಲಸ ಹೋಗುತ್ತೆ, ನನ್ನ ಮಾನ ಹೋಗುತ್ತೆ, ಹೆಸರು ಮಾತ್ರ ಬರಲ್ಲ ಅಂದರು. ಆ ಪುಟ ಅವರ ಜೇಬಿಗೆ ಹೋಯಿತು. ಕೆಲವು ವರ್ಷಕ್ಕೆ ಅವರೂ ತೀರಿಹೋದರು. ಅವರು ಅಂದಿದ್ದರಲ್ಲಿ ಸುಳ್ಳೇನಿತ್ತು ಹೇಳು.

ಆಮೇಲೆ ಸಮುದ್ರದಾಚೆಯಿಂದ ಆ ಕೂಲಿಯಾಳುಗಳ ಮೊಮ್ಮಕ್ಕಳು ಬರತೊಡಗಿದರು. ಒಬ್ಬಾಕೆ ಮೂರು ದಿನ ಕೂತು ಎಲ್ಲ ಪುಸ್ತಕ ತಿರುವಿದಳು. ಅಜ್ಜನ ನಂಬರು ಸಿಕ್ಕಿತು. ಹೋಗುವಾಗ ನನ್ನ ಮೇಜಿನ ಹತ್ತಿರ ಬಂದು, ಬೈಂಡಿಂಗ್ ಎಷ್ಟು ಅಚ್ಚುಕಟ್ಟು ಅಂದಳು. ನಾನು ಅಂಟಿನ ಡಬ್ಬಿ ಕಲಕುತ್ತಾ ನಿಂತೆ.

ನೀನು ಕಳಿಸಿದ ಅಧ್ಯಾಯದಲ್ಲೂ ಹೆಸರನ್ನೇ ಬರೆಯಲಿಲ್ಲ ಅನ್ನುವ ಮೇಷ್ಟ್ರ ಅದೇ ವಾಕ್ಯವಿದೆ. ನಾಲ್ಕು ದಿನದಿಂದ ಅದನ್ನೇ ನೋಡುತ್ತಿದ್ದೇನೆ. ತೆಗೆದುಹಾಕು ಅನ್ನೋಣವೆಂದರೆ, ನಿನ್ನ ಕೆಲಸ ಖಾಯಂ ಮಾಡಬೇಕಾದ ನಿರ್ದೇಶಕ ಮೇಷ್ಟ್ರ ಶಿಷ್ಯ. ಬಿಡು ಅನ್ನೋಣವೆಂದರೆ, ಬಂದವರಿಗೆಲ್ಲ ನೀನೂ ಅದೇ ಸುಳ್ಳು ಹೇಳುತ್ತಾ ಕೂರಬೇಕು. ನನಗೇನೂ ತೋಚುತ್ತಿಲ್ಲ. ನಿಮ್ಮಪ್ಪನಿಗೆ ಹೇಳಬೇಡ, ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ.

ಇಂತು ನಿನ್ನ,
ದೊಡ್ಡಪ್ಪ

ಇನ್ನೊಂದು: ಗೀಚಿದ್ದು ಅಂದುಕೊಂಡೆ ಅಂತ ಮೇಲೆ ಬರೆದದ್ದು ಸುಳ್ಳು. ಅಕ್ಷರ ಕೂಡಿಸಿ ಓದಲು ನನಗೂ ಬರುತ್ತಿತ್ತು. ಮೊದಲ ಪುಸ್ತಕದಲ್ಲೇ ಹೆಸರು ಅಂತ ತಿಳಿಯಿತು. ಮೇಷ್ಟ್ರನ್ನು ಕೇಳೋಣ ಅಂತ ಎದ್ದೂ ಇದ್ದೆ. ಆದರೆ ಹಿಂದಿನ ದಿನ ಪುಟ ತಿರುವುತ್ತಿದ್ದ ನನ್ನನ್ನು ನೋಡಿ ಅವರು, ನಿನಗ್ಯಾಕಯ್ಯಾ ಓದು, ಕತ್ತರಿಸೋದು ನಿನ್ನ ಕೆಲಸ ಅಂತ ಅಚ್ಚುಕೂಟದವರೆಲ್ಲರೆದುರು ನಕ್ಕಿದ್ದರು. ಆ ಸಿಟ್ಟು ಇಳಿದಿರಲಿಲ್ಲ. ಕತ್ತರಿಸಿದೆ, ಅರವತ್ತೊಂದನ್ನೂ.

ಅಚ್ಚಿಗೆ ಹೋಗುವುದು ಹದಿನೈದಕ್ಕಲ್ಲವೇ. ಇದನ್ನೆಲ್ಲ ಹಾಕುತ್ತೀಯೋ ಇಲ್ಲವೋ, ಹನ್ನೆರಡನೇ ತಾರೀಖಿನೊಳಗೆ ಉತ್ತರ ಬರೆ.